ಕೆಂಪು ಗದ್ದೆ, ಕರಿ ಮರ ಮತ್ತು ನಾನು

ಬಣ್ಣಗಳು ಮಾತಾಡುತ್ತವೆ ಎನ್ನುವವರನ್ನು ಕಂಡರೆ ನನಗೆ ಈಗೀಗ ಮೈಯೆಲ್ಲ ಉರಿಯುತ್ತದೆ. ಮಾತಾಡಲಿ, ಬೇಡ ಅನ್ನುವುದಿಲ್ಲ. ಆದರೆ ಬಳ್ಳಾರಿಯ ಅರ್ಧ ಜನರ ಮುಂದೆ ನನ್ನ ಮೇಲೆ ಚಾಡಿ ಹೇಳುವುದು ಯಾವ ನ್ಯಾಯ?

ನನ್ನ ಹೆಂಡತಿ ಗಿರಿಜಾ ಕೊಳಗಲ್ಲಿನ ಶಾಲೆಯಲ್ಲಿ ಟೀಚರು. ಎರಡು ವರ್ಷದಿಂದ ಭಾನುವಾರದ ಚಿತ್ರಕಲೆ ತರಗತಿಗೆ ಹೋಗುತ್ತಿದ್ದಾಳೆ. ಈ ಸಲದ ಪ್ರದರ್ಶನಕ್ಕೆ ತನ್ನ ತವರಾದ ಕರೂರಿನ ಭತ್ತದ ಗದ್ದೆಯನ್ನು ಬರೆದಳು: ಗದ್ದೆ ರಕ್ತಗೆಂಪು, ಆಕಾಶ ಹಸಿರು, ಕಾಲುವೆ ಅರಿಸಿನ, ನಡುವೆ ಸೊಟ್ಟಗೆ ನಿಂತ ಒಂದು ಕರಿ ಮರ. ಸಿರುಗುಪ್ಪದ ಕೃಷಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಸವೆಸಿದವನು ನಾನು. ಭತ್ತ ಅಷ್ಟು ಕೆಂಪಗಾದರೆ ನಾವು ಚೌಕಟ್ಟು ಹಾಕಿಸುವುದಿಲ್ಲ, ಔಷಧಿ ಹೊಡೆಸುತ್ತೇವೆ. ಆದರೂ ಸುಮ್ಮನಿದ್ದೆ.

ಅತಿಥಿಯಾಗಿ ಬಂದ ವಿಮರ್ಶಕರು ಸುಮ್ಮನಿರಲಿಲ್ಲ. ಇದು ಅಭಿವ್ಯಕ್ತಿವಾದಿ ಶೈಲಿ, ಕಣ್ಣು ಕಂಡದ್ದಲ್ಲ, ಮನಸ್ಸು ಕಂಡದ್ದು ಎಂದು ಶುರು ಮಾಡಿ, ಕೆಂಪೆಂದರೆ ಅದುಮಿಟ್ಟ ಸಿಟ್ಟು, ಹಸಿರು ಆಕಾಶವೆಂದರೆ ಉಸಿರುಗಟ್ಟಿದ ಸಂಸಾರ, ಆ ಕರಿ ಮರ ಮನೆಯ ಗಂಡಸಿನ ದರ್ಪ ಎಂದು ಮುಗಿಸಿದರು. ಸಭೆಯೆಲ್ಲ ತಿರುಗಿ ನನ್ನನ್ನು ನೋಡಿತು. ಬಾಯಲ್ಲಿ ಬಿಸಿ ಮಿರ್ಚಿ ಇದ್ದುದರಿಂದ ನನ್ನಿಂದ ಏನೂ ಹೇಳಿಕೊಳ್ಳಲಾಗಲಿಲ್ಲ.

ಮರುದಿನ ಸಿರುಗುಪ್ಪದ ಬಸ್ಸಿನಲ್ಲಿ ಸಹೋದ್ಯೋಗಿ ಪಂಪಣ್ಣ ಪಕ್ಕಕ್ಕೆ ಬಂದು ಕೂತು, ಗಿರಿಜಕ್ಕನ ಜೊತೆ ಸ್ವಲ್ಪ ಹೊಂದಿಕೊಂಡು ಹೋಗಬೇಕೆಂದು ಮೆಲ್ಲಗೆ ಬುದ್ಧಿ ಹೇಳಿದ. ಹೆಂಡತಿಗೆ ಎಂದೂ ಎದುರು ಮಾತಾಡದವನಿಗೆ ಈ ಬಿರುದು! ವಾರವಿಡೀ ಕುದಿದೆ. ಕುದಿಯುತ್ತಲೇ ಪಾತ್ರೆ ತೊಳೆದೆ, ಬಟ್ಟೆ ಒಣಹಾಕಿದೆ. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟೆ, ನನ್ನ ಮೇಲೆ ಅಷ್ಟು ಸಿಟ್ಟು ಯಾಕೆಂದು.

ಗಿರಿಜಾ ತಿದ್ದುತ್ತಿದ್ದ ನೋಟ್‌ಬುಕ್ ಕೆಳಗಿಟ್ಟಳು. "ಸಿಟ್ಟಲ್ಲರೀ ಅದು. ಏಳನೇ ಕ್ಲಾಸ್ ಪಾಸಾದ ಮ್ಯಾಲೆ ನನ್ನ ಸಾಲಿ ಬಿಡಸ್ಬೇಕಂತ ಮಾಡಿದ್ರು. ಸಿರುಗುಪ್ಪಕ್ಕ ಓದಾಕ ಹೋಗು ಅಂತ ಅಪ್ಪ ಅಂದ ದಿನ ಗದ್ದಿ ಬದುವಿನ ಮ್ಯಾಲೆ ಒಬ್ಬಾಕಿನ ಓಡಿದ್ದೆ. ಖುಷಿಗೆ ಎಲ್ಲಾ ಹಂಗ ಕಂಡಿತ್ತು."

ಕೆಳಗಿಟ್ಟ ನೋಟ್‌ಬುಕ್ ಎತ್ತಿ ಅವಳ ಕೈಗೆ ಕೊಟ್ಟೆ. ಆದರೂ ಬಿಡಲಿಲ್ಲ. "ಮತ್ತ ಆ ಮರ?"

"ಜಾಲಿ ಗಿಡ."

"ಹಂಗಾರ ನಾನೆಲ್ಲಿ ಅದೀನಿ ಅದ್ರಾಗ?"

"ನೀವ್ಯಾಕ ಇರ್ತೀರಿ? ಆವಾಗ ನೀವು ಯಾರಂತನ ನನಗ ಗೊತ್ತಿರಲಿಲ್ಲ."

ನಿಜವಾದ ಸಿಟ್ಟು ಬಂದದ್ದು ಆಗ. ನಾನೇ ಇಲ್ಲದ ಚಿತ್ರಕ್ಕಾಗಿ ಊರೆಲ್ಲರ ಕಣ್ಣಿಗೆ ಕೆಟ್ಟವನಾಗಿದ್ದೆ. ಮುಂದಿನ ಭಾನುವಾರ ಅವಳು ಕುರುಗೋಡಿನ ಗುಡ್ಡ ಬರೆಯಲು ಹೊರಟಾಗ ನಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, ಎದುರಿನ ಬಂಡೆಯ ಮೇಲೆ ಗಂಭೀರವಾಗಿ ಕೂತೆ. ಕುಂಚ ಹಿಡಿದು ಬಹಳ ಹೊತ್ತು ನನ್ನನ್ನೇ ದಿಟ್ಟಿಸಿದಳು.

"ಸ್ವಲ್ಪ ಆಕಡಿ ಸರೀರಿ," ಎಂದಳು. "ಗುಡ್ಡ ಕಾಣವಲ್ದು."