ಮಂಗಳ ಆಗಿಲ್ಲ, ಕೂಡ್ರಿ

ಪೇಟಿ ಮುಂದೆ ಕೂತು ಕಣ್ಣು ಮುಚ್ಚಿ ಶಿವನನ್ನು ನೆನೆಯೋಣವೆಂದರೆ, ಆತ ಯಾವಾಗಲೂ ನಗಿಸುವವರನ್ನೇ ನನ್ನ ಕಡೆಗೆ ಕಳಿಸುತ್ತಾನೆ. ಆತನ ಲೀಲೆ, ನಾನೂ ಬೇಡವೆಂದಿಲ್ಲ. ಐವತ್ತರ ದಶಕದಲ್ಲಿ ನಾನು ನರೇಗಲ್ಲಿನ ಗುಡಿಯೊಂದರ ಭಜನಿ ಮಾಸ್ತರ. ಸೋಮವಾರ ಗುಡಿಯಲ್ಲಿ ಭಜನೆ, ಉಳಿದ ದಿನ ಮನೆಮನೆಗೆ ಹೋಗಿ ಪೇಟಿ, ಅಂದರೆ ಹಾರ್ಮೋನಿಯಂ, ಕಲಿಸುವುದು. ಆ ಕಾಲದಲ್ಲಿ ನಾನು ನಕ್ಕ ನಗೆಯಲ್ಲಿ ದೊಡ್ಡ ಪಾಲು ಅಕ್ಕವ್ವ ಕೊಟ್ಟದ್ದು.

ಅಕ್ಕವ್ವ ಅರಿವೆ ಅಂಗಡಿ ಸಾವ್ಕಾರರ ಹಿರಿಯ ಮಗಳು, ಇಪ್ಪತ್ತು ದಾಟಿದವಳು. ತಂಗಿ ಕರೆದ ಹೆಸರನ್ನೇ ಓಣಿಯೆಲ್ಲ ಕರೆಯುತ್ತಿತ್ತು. ದುಂಡು ಮುಖ, ಓರೆಯಾದ ಸಣ್ಣ ಕಣ್ಣು, ಗಿಡ್ಡ ಬೆರಳು. ಬುದ್ಧಿ ಮಾತ್ರ ಇನ್ನೂ ಕೂಸಿನದೇ. ಈಗ ಇದಕ್ಕೆ ಡೌನ್ ಸಿಂಡ್ರೋಮ್ ಅನ್ನುತ್ತಾರೆ, ಸಂಗೀತದಿಂದ ಚಿಕಿತ್ಸೆಯನ್ನೂ ಮಾಡುತ್ತಾರಂತೆ. ಆಗ ನಮಗೆ ಇದ್ಯಾವುದರ ಹೆಸರೂ ಗೊತ್ತಿರಲಿಲ್ಲ. ಮನೆಯವರೊಡನೆ ನಾಲ್ಕು ಮಾತಾಡುವವಳು ಪರರನ್ನು ಕಂಡರೆ ತುಟಿ ಬಿಚ್ಚುತ್ತಿರಲಿಲ್ಲ. ಬಂದುಹೋಗುವವರ ಕಣ್ಣಿಗೆ ಬೀಳಬಾರದೆಂದು ಸಾವ್ಕಾರರೂ ಆಕೆಯನ್ನು ಒಳಗಿನ ಖೋಲಿಯಲ್ಲೇ ಇಡುತ್ತಿದ್ದರು.

ಆಕೆಯ ತಾಯಿ ನನ್ನನ್ನು ಕೇಳಿಕೊಂಡದ್ದು ಇಷ್ಟೇ: "ಮಾಸ್ತರ, ನನ್ನ ಮಗಳು ನಾಕು ಮಂದ್ಯಾಗ ಕೂಡ್ರುವಂಗ ಮಾಡ್ರಿ. ಮತ್ತೇನೂ ಬ್ಯಾಡ."

ಪಥ್ಯ

ನನ್ನ ಹತ್ತಿರ ಬರುವ ಮೊದಲು ಸಾವ್ಕಾರರು ಮಗಳನ್ನು ಗಜೇಂದ್ರಗಡದ ದವಾಖಾನಿಗೆ ಕರೆದೊಯ್ದಿದ್ದರು. ಅಲ್ಲಿನ ವಯಸ್ಸಾದ ಡಾಕ್ಟರು ನೋಡಿ, "ಇದು ಹುಟ್ಟಿನಿಂದ ಬಂದದ್ದು, ಇದಕ್ಕ ಔಷಧ ಇಲ್ಲ. ಹಾಡು ಕೇಳಿದ್ರ ಆಕಿ ಮುಖ ಅರಳತೈತಿ. ದಿನಾ ಹಾಡು ಕೇಳಿಸ್ರಿ" ಎಂದು ಕಳಿಸಿದ್ದರು.

ಸಾವ್ಕಾರರು ವ್ಯವಹಾರದ ಮನುಷ್ಯ. ನನ್ನ ಕಟ್ಟೆಯ ಮೇಲೆ ಕೂತು ವಿಚಾರಿಸಿದರು:

"ಈ ಹಾಡು ಉಣ್ಣೂಕಿಂತ ಮೊದಲೋ, ಉಂಡ ಮ್ಯಾಲೋ?"

"ಯಾವಾಗಾದ್ರೂ ನಡೀತೈತ್ರಿ, ಸಾವ್ಕಾರ್ರ."

"ಮತ್ತ ಪಥ್ಯ?"

"ಪಥ್ಯ ಒಂದ ಐತಿ. ಆಕಿ ಜೋಡಿ ಮನ್ಯಾಗಿನವರೂ ಕೂತು ಹಾಡಬೇಕು. ನೀವೂ."

ಸಾವ್ಕಾರರು ಟೋಪಿ ತೆಗೆದು ತಲೆ ತುರಿಸಿಕೊಂಡರು. "ಆ ಡಾಕ್ಟರು ಒಂದು ಕಹಿ ಕಷಾಯ ಕೊಟ್ಟಿದ್ರ ಚಲೋ ಇತ್ತಲ್ರಿ. ಕಣ್ಣು ಮುಚ್ಚಿ ಆಕಿಗೆ ಕುಡಸ್ತಿದ್ದೆ."

ಎತ್ತು

ಹೇಳಿದ ಮಾತು ಅಕ್ಕವ್ವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಹಾಡಿದ ಮಾತು ಹೋಗುತ್ತಿರಲಿಲ್ಲ. ಅದಕ್ಕೇ ಭಜನೆಯ ನೇಮವನ್ನೇ ನಾನು ಹಾಡು ಮಾಡಿ ಕಲಿಸಿದೆ: ಮೊದಲು ಕೂಡು, ಕೈ ಮುಗಿ, ಹಾಡು, ಮಂಗಳ ಆಗೂತನಾ ಏಳಬ್ಯಾಡ. ಮಂಗಳವೆಂದರೆ ಕೊನೆಯ ಆರತಿ ಹಾಡು. ಅದಕ್ಕೆ ಮಾತ್ರ ಎಲ್ಲರೂ ಎದ್ದು ನಿಲ್ಲುವುದು. ಕೈಗೆ ಒಂದು ಜೋಡಿ ತಾಳ ಕೊಟ್ಟರೆ ಆಕೆ ಒಂದು ಬಿಲ್ಲೆ ತಾನಿಟ್ಟುಕೊಂಡು, ಇನ್ನೊಂದನ್ನು ಪಕ್ಕದಲ್ಲಿದ್ದವರ ಕೈಗೆ ತುರುಕುತ್ತಿದ್ದಳು. ಒಬ್ಬಳೇ ಬಾರಿಸುವುದು ಆಕೆಯ ಲೆಕ್ಕದಲ್ಲಿ ಬಾರಿಸಿದಂತಲ್ಲ.

ತಿಂಗಳುಗಟ್ಟಲೆ ಕಾಲ ಕಳೆಯಿತು. ನನ್ನೆದುರು ಗುನುಗುತ್ತಿದ್ದಳು, ಮಾತಿಲ್ಲ. ಒಂದು ಸಂಜಿ ಸಾವ್ಕಾರರ ಪಡಸಾಲೆಯಲ್ಲಿ ಭಜನೆ ನಡೆದಾಗ ನನ್ನ ಪಕ್ಕದ ಮನೆಯಾತ ಓಡಿ ಬಂದ. "ಮಾಸ್ತರ, ನಿಮ್ಮ ಎತ್ತು ಹಗ್ಗ ಹರಕೊಂಡು ನನ್ನ ಜ್ವಾಳದಾಗ ಹೊಕ್ಕೈತಿ. ಲಗೂ ಬರ್ರಿ."

ನಾನು ಎದ್ದೆ. ಯಾರೋ ಧೋತರ ಹಿಡಿದು ಜಗ್ಗಿದರು.

"ಮಂಗಳ ಆಗಿಲ್ಲ. ಕೂಡು" ಅಂದಳು ಅಕ್ಕವ್ವ.

ಪರರ ಮುಂದೆ ಆಕೆಯ ಬಾಯಿಂದ ಬಂದ ಮೊದಲ ಮಾತು ಅದು. ತಾಯಿ ಸೆರಗು ಕಣ್ಣಿಗೊತ್ತಿಕೊಂಡರು. ಆ ಮಾತು ಆಕೆಯದಲ್ಲ, ಶಿವನದೇ ಎಂದು ನನಗನಿಸಿತು, ಕೂತುಬಿಟ್ಟೆ. ಮಂಗಳ ಮುಗಿಯುವಷ್ಟರಲ್ಲಿ ಎತ್ತಿನ ಊಟವೂ ಮುಗಿದಿತ್ತು.

ತಾಯಿ ಆ ಪಕ್ಕದ ಮನೆಯಾತನಿಗೆ ಬೆಲ್ಲ ಕೊಟ್ಟು, "ನನ್ನ ಮಗಳು ಮಂದಿ ಮುಂದ ಮಾತಾಡಿದ್ಲಪಾ" ಅಂದರು.

ಆತ ಬೆಲ್ಲ ಬಾಯಿಗೆ ಹಾಕಿಕೊಂಡ. "ಭಾಳ ಚಲೋ ಆತ್ರಿ ಯವ್ವಾ. ಆದರ ಇನ್ನೊಮ್ಮೆ ಮಾತಾಡ್ಸೂ ಮೊದಲ ಮಾಸ್ತರಿಗೆ ಎತ್ತು ಗಟ್ಟಿ ಕಟ್ಟಾಕ ಹೇಳ್ರಿ."

ಗವಾಯಿಗಳು

ಧೈರ್ಯ ಮಾಡಿ ತಾಯಿ ಆಕೆಯನ್ನು ಸೋಮವಾರ ಗುಡಿಗೂ ಕರೆತರತೊಡಗಿದರು. ಒಂದು ಸೋಮವಾರ ರೋಣದಿಂದ ಗವಾಯಿಯೊಬ್ಬರು ಬಂದಿದ್ದರು. ದೊಡ್ಡ ಕಂಠ, ತಲೆಗೆ ಸುತ್ತಿದ ದೊಡ್ಡ ಪಟಗ. ಕಣ್ಣು ಮುಚ್ಚಿ ಆಲಾಪ ತೆಗೆದವರು ತೆರೆಯಲೇ ಇಲ್ಲ. ಹಿರಿಯರು ತೂಕಡಿಸಿದರು, ಹೊಲಕ್ಕೆ ಹೋಗಿ ಬಂದವರ ಹೊಟ್ಟೆ ಕೂಗಿತು. ಗವಾಯಿಗಳನ್ನು ನಿಲ್ಲಿಸುವವರು ಯಾರು?

ಅಕ್ಕವ್ವನಿಗೂ ಹಸಿವಾಗಿರಬೇಕು. ತಾಳ ಎತ್ತಿ ಮಂಗಳ ಶುರು ಮಾಡಿದಳು. ಮಂಗಳ ಕಿವಿಗೆ ಬಿದ್ದದ್ದೇ ಗುಡಿಗೆ ಗುಡಿಯೇ ಎದ್ದು ಕೈ ಮುಗಿದು ನಿಂತಿತು, ಪೂಜಾರಿ ಆರತಿ ಹಚ್ಚಿದ.

ಗವಾಯಿಗಳು ಕಣ್ಣು ಬಿಟ್ಟು ನೋಡುತ್ತಾರೆ, ಊರೆಲ್ಲ ಕೈ ಮುಗಿದು ನಿಂತಿದೆ. ಅವರೂ ಕೈ ಮುಗಿದರು. "ನನ್ನ ಹಾಡಿಗೆ ಇಷ್ಟು ಗೌರವ ನಮ್ಮ ರೋಣದಾಗೂ ಸಿಕ್ಕಿಲ್ಲ. ಇಂಥಾ ಭಕ್ತರಿಗೆ ಇನ್ನೊಂದು ಹಾಡದ ಹ್ಯಾಂಗ ಹೋಗ್ಲಿ?" ಎಂದು ಮತ್ತೆ ಕಣ್ಣು ಮುಚ್ಚಿದರು.

ಹಿಂದಿನಿಂದ ಒಬ್ಬ ಅಜ್ಜ ನನ್ನ ಹೆಗಲು ತಟ್ಟಿದ. "ಮಾಸ್ತರ, ಅಕ್ಕವ್ವಗ ಇನ್ನೊಮ್ಮೆ ಮಂಗಳ ಎತ್ತಾಕ ಹೇಳ್ರಲಾ."

ಬೀಗರು

ಮುಂದೆ ಅಕ್ಕವ್ವನ ತಂಗಿಯನ್ನು ನೋಡಲು ನರಗುಂದದಿಂದ ಬೀಗರು ಬರುವುದು ಗೊತ್ತಾಯಿತು. ಅಕ್ಕವ್ವನನ್ನು ಆ ದಿನ ಜಕ್ಕಲಿ ಊರಿನ ಸೋದರತ್ತಿ ಮನೆಗೆ ಕಳಿಸುವುದೆಂದು ಸಾವ್ಕಾರರು ಹೇಳಿದರು. ತಾಯಿ ನನ್ನ ಮುಖ ನೋಡಿದರು.

"ಸಾವ್ಕಾರ್ರ, ದೇವರು ಕೊಟ್ಟ ಮಗಳನ್ನ ಮುಚ್ಚಿಟ್ಟು ಇನ್ನೊಬ್ಬ ಮಗಳ ಮದವಿ ಮಾಡೂದು ಚಂದ ಅಲ್ರಿ" ಅಂದೆ.

"ಮಾಸ್ತರ, ನಿಮಗ ದೇವರು ಗೊತ್ತು, ಬೀಗರು ಗೊತ್ತಿಲ್ಲ."

ಕೊನೆಗೆ ಜಕ್ಕಲಿ ತಪ್ಪಿತು, ಒಳಗಿನ ಖೋಲಿ ತಪ್ಪಲಿಲ್ಲ. ಸದ್ದಾಗದಂತೆ ತಾಳಕ್ಕೆ ಅರಿವೆ ಸುತ್ತಿ ಕೈಗೆ ಕೊಟ್ಟರು.

ಬೀಗರು ಬಂದರು, ಅವಲಕ್ಕಿ ತಿಂದರು. ಕನ್ಯೆಯಿಂದ ಒಂದು ದೇವರ ಹಾಡು ಹೇಳಿಸುವುದು ಪದ್ಧತಿ. ತಂಗಿ ಹಾಡಿದಳು, ನಾನು ಪೇಟಿ ನುಡಿಸಿದೆ. ಎಲ್ಲ ಒಪ್ಪಿಗೆ. ಮದುವೆಯ ಅಡುಗೆಯ ಮಾತು ಬಂತು ನೋಡಿ, ಅಲ್ಲಿಗೆ ಕೆಟ್ಟಿತು. ನಮ್ಮ ಸಾವ್ಕಾರರು, "ನಮ್ಮಲ್ಲಿ ಮೊದಲಿಂದ ಗೋದಿ ಬೆಲ್ಲದ ಮಾದಲಿ" ಅಂದರು.

ವರನ ಕಾಕಾ ಮೀಸೆ ಕುಣಿಸಿದರು. "ಮದವೀಗೆ ಬುಂದೆ ಉಂಡಿ ಇರಬೇಕ್ರಿ. ಮಾದಲಿ ತಿನ್ನಾಕ ನಾವೇನು ನಿಮ್ಮ ಹೊಲಕ್ಕ ಕಳೆ ತಗ್ಯಾಕ ಬಂದೇವೇನು?"

"ನಮ್ಮ ಅಜ್ಜನ ಮದವೀಗೂ ಮಾದಲೀನ ಇತ್ತು."

"ಅದಕ್ಕ ನಿಮ್ಮಜ್ಜನ ಬೀಗರು ಮತ್ತ ಬಂದಿರಲಿಕ್ಕಿಲ್ಲ."

ಕಾಕಾ ರುಮಾಲು ಕೊಡವಿ ಎದ್ದರು. ಅವರ ಹಿಂದೆ ಬೀಗರೆಲ್ಲ ಎದ್ದರು. ತಂಗಿಯ ಮುಖ ಕಪ್ಪಿಟ್ಟಿತು. ನಾನು ಪೇಟಿ ಮುಚ್ಚಿ ಶಿವನ ಕಡೆ ನೋಡಿದೆ.

ಶಿವ ಒಳಗಿನ ಖೋಲಿಯಲ್ಲಿದ್ದ. ಬಾಗಿಲು ತೆಗೆದುಕೊಂಡು ಅಕ್ಕವ್ವ ಬಂದಳು. ಪಡಸಾಲೆಯಲ್ಲಿ ದೇವರ ಹಾಡು ಆಗಿದೆ, ಮಂಗಳ ಕೇಳಿಸಿಲ್ಲ, ಮಂದಿ ಎದ್ದಿದ್ದಾರೆ. ತಲಬಾಗಿಲಿಗೆ ಅಡ್ಡ ನಿಂತು, "ಮಂಗಳ ಆಗಿಲ್ಲ. ಕೂಡ್ರಿ" ಅಂದಳು.

"ಯಾರಿವರು?" ಅಂದರು ಕಾಕಾ.

ಸಾವ್ಕಾರರು ನೆಲ ನೋಡಿದರು. ತಾಯಿ ಮುಂದೆ ಬಂದರು. "ನಮ್ಮ ಹಿರೇಮಗಳ್ರಿ."

ಅಷ್ಟರಲ್ಲಿ ಹಿರೇಮಗಳು ಕಾಕಾನ ಕೈ ಹಿಡಿದು ಜಮಖಾನದ ಮೇಲೆ ಕೂಡಿಸಿ, ಅರಿವೆ ಬಿಚ್ಚಿ ತಾಳದ ಒಂದು ಬಿಲ್ಲೆ ಕೊಟ್ಟಾಗಿತ್ತು. ದೇವರ ಹೆಸರಿನಲ್ಲಿ ಕೂಡಿಸಿದ ಮೇಲೆ ಏಳುವುದು ಹೇಗೆ? ಉಳಿದವರೂ ಕೂತರು. ಒಂದು ಭಜನೆ ಆಯಿತು. ಕಾಕಾ ತಾಳ ತಪ್ಪಿದಾಗಲೆಲ್ಲ ಅಕ್ಕವ್ವ ಅವರ ಮೊಣಕೈ ಹಿಡಿದು ಸರಿಮಾಡಿದಳು. ತಾಯಿ ಆರತಿ ತಂದರು, ಮಂಗಳವೂ ಆಯಿತು.

ಅಕ್ಕವ್ವ ಬಾಗಿಲು ತೋರಿಸಿದಳು. "ಈಗ ಹೋಗ್ರಿ."

"ಹೋಗಂದ್ರ ಹ್ಯಾಂಗವಾ?" ಎಂದು ಕಾಕಾ ಮತ್ತೆ ಕೂತರು. "ಬುಂದೇದ ಮಾತು ಇನ್ನೂ ಮುಗದಿಲ್ಲ."

ವರನ ತಾಯಿ ಅಕ್ಕವ್ವನ ಬೆನ್ನು ಸವರಿ ಸಾವ್ಕಾರರನ್ನು ಕೇಳಿದರು, "ನಮ್ಮ ಮೈದುನನ್ನ ಹಿಂಗ ಕೂಡಸಿದವರನ್ನ ನಾ ಇನ್ನೂ ನೋಡಿಲ್ಲ. ಇಂಥಾಕಿನ್ನ ಒಳಗ್ಯಾಕ ಇಟ್ಟಿದ್ರಿ?"

ಸಾವ್ಕಾರರು ಬುಂದೆಗೂ ಹೂಂ ಅಂದರು, ಮಾದಲಿಗೂ ಹೂಂ ಅಂದರು.

ಹೊರಡುವಾಗ ಕಾಕಾ ಒಂದು ಕರಾರು ಹಾಕಿದರು: "ಮದವ್ಯಾಗ ಈಕಿ ನಮ್ಮ ಕಡೆ ಕೂಡ್ರಬೇಕು."

"ಅದೊಂದು ಆಗೂದಿಲ್ರಿ" ಅಂದರು ಸಾವ್ಕಾರರು, ತಲೆ ಎತ್ತಿ. "ನನ್ನ ಮಗಳು ಎಲ್ಲಾರ ಮುಂದ, ನನ್ನ ಬಾಜೂಕ ಕೂಡ್ರೂದು. ನೀವು ಮತ್ತೊಮ್ಮೆ ಸಿಟ್ಟಿಗೆದ್ರ ಕೂಡಸಾಕ ಯಾರನ್ನ ತರ್ಲಿ?"

ಮದುವೆಯಲ್ಲಿ ಹಾಗೇ ಕೂತಳು. ಅಕ್ಷತೆಯ ಅಕ್ಕಿಕಾಳು ಬಿದ್ದು ಮಂದಿ ಊಟಕ್ಕೆ ಎದ್ದದ್ದೇ, "ಮಂಗಳ ಆಗಿಲ್ಲ" ಅಂದಳು. ಬುಂದೆಯ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಹಂದರಕ್ಕೆ ಹಂದರವೇ ಕೂತಿತು. ಎಲ್ಲರಿಗಿಂತ ಮೊದಲು ಕೂತವರು ನರಗುಂದದ ಕಾಕಾ. ಬೇಗ ಮುಗಿಯಲೆಂದು ಮಂಗಳ ಎತ್ತಿದವರು ನಮ್ಮ ಸಾವ್ಕಾರರು. ಹುಟ್ಟಿದಾಗಿನಿಂದ ಹಾಡದ ಕಂಠ ಅದು. ಹಂದರದ ಹೊರಗೆ ಕಟ್ಟಿದ್ದ ಎತ್ತುಗಳು ಕಿವಿ ನಿಮಿರಿಸಿದವು.

ಮರುವಾರ ಸಾವ್ಕಾರರು ಮಗಳೊಡನೆ ಗುಡಿಗೆ ಬಂದರು. ಗಂಟಲಿಗೆ ಉಣ್ಣೆಯ ಅರಿವೆ ಸುತ್ತಿದ್ದರು. "ಮಾಸ್ತರ," ಅಂದರು ಒಡೆದ ದನಿಯಲ್ಲಿ, "ಆ ಡಾಕ್ಟರು ಹೇಳಿದ ಔಷಧ ನಾ ಇನ್ನ ಎಷ್ಟು ದಿನಾ ತಗೋಬೇಕ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕವ್ವ ಅವರ ಧೋತರ ಜಗ್ಗಿ ಕೂಡಿಸಿ, ಕೈಯಲ್ಲಿ ಒಂದು ಬಿಲ್ಲೆ ಇಟ್ಟಳು.