ಜರ್ಮನಿಯ ಭೀಮ, ಶಹಾಪುರದ ಭೀಮ

ನಮ್ಮ ಜನಕ್ಕೆ ದೂರದ ಊರಿನ ಹೆಸರು ಕಿವಿಗೆ ಬಿದ್ದರೆ ಸಾಕು, ತಲೆ ತಿರುಗಿಹೋಗುತ್ತದೆ. ಸುರಪುರದ ನಾಯಿ ಎಂದರೆ ಕಲ್ಲು ಹುಡುಕುವವರು, ರಾಟ್‌ವೈಲರ್ ಎಂದರೆ ಕೈಕಟ್ಟಿ ನಿಲ್ಲುತ್ತಾರೆ. ಅದರ ದೊಡ್ಡಸ್ತಿಕೆಯಾದರೂ ಏನು? ಜರ್ಮನಿಯಲ್ಲಿ ರಾಟ್‌ವೈಲ್ ಎಂಬ ಊರಿದೆಯಂತೆ, ಅಲ್ಲಿನ ಕಟುಕರ ಮಾಂಸದ ಗಾಡಿ ಎಳೆಯುತ್ತಿದ್ದ ನಾಯಿಯಂತೆ. ಊರ ಹೆಸರೇ ಅದಕ್ಕೆ ಬಂತು. ಜೀವಮಾನವಿಡೀ ಗಾಡಿ ಎಳೆದ ನಮ್ಮ ಎತ್ತುಗಳಿಗೆ ಕಾರಹುಣ್ಣಿಮೆಗೊಮ್ಮೆ ಕೊಂಬಿಗೆ ಬಣ್ಣ, ಅಷ್ಟೇ.

ಇಂಥದೊಂದು ಪ್ರಾಣಿಯನ್ನು ನನ್ನ ಹೆಂಡತಿಯ ತಮ್ಮ ಶರಣಪ್ಪ ಸುರಪುರದಿಂದ ಜೀಪಿನಲ್ಲಿ ತಂದು ಶಹಾಪುರದ ನಮ್ಮ ಅಂಗಳದಲ್ಲಿ ಇಳಿಸಿದ. "ಮಾವಾರ, ಇದು ಇದ್ರ ಕಳ್ಳರು ಓಣಿ ಬಿಟ್ಟು ಓಡ್ತಾರ್ರಿ. ಭೀಮ ಅಂತ ಹೆಸರಿಟ್ಟೀನಿ, ಬ್ಯಾರೆ ಹೆಸರಿಗೆ ಬರಂಗಿಲ್ಲ" ಎಂದ. ಹೆಂಡತಿ ಮಹಾದೇವಿ ತುಟಿ ಕಚ್ಚಿಕೊಂಡಳು. ನನ್ನ ಹೆಸರು ಭೀಮರಾಯ. ಹದಿನೆಂಟು ವರ್ಷ 'ಮಾವಾರ' ಎನ್ನುತ್ತಲೇ ಉಂಡು ಹೋದ ಆ ಮಹಾಶಯನಿಗೆ, ನನಗೂ ಒಂದು ಹೆಸರಿದೆ ಎಂಬುದೇ ನೆನಪಿರಲಿಲ್ಲ. ನಮ್ಮ ಮದುವೆಯ ಪತ್ರಿಕೆ ಹಂಚಿದವನೇ ಅವನು!

ಮಹಾದೇವಿ ಗಂಡನ ಹೆಸರು ಹೇಳುವವಳಲ್ಲ. ಮದುವೆಯಲ್ಲಿ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು "ಒಡಪು ಹಾಕಿ ಹೆಸರು ಹೇಳವ್ವಾ" ಎಂದಾಗಲೂ ಸೆರಗಿನೊಳಗೆ ಏನೋ ಗೊಣಗಿ ಒಳಗೆ ಬಂದುಬಿಟ್ಟಳು. ಅವಳ ಬಾಯಿಂದ ಒಮ್ಮೆ ನನ್ನ ಹೆಸರು ಕೇಳಬೇಕೆಂಬ ಆಸೆ ನನಗೆ ಅಂದಿನಿಂದಲೂ ಇದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಈಗ ನೋಡಿದರೆ ನಾಯಿಯನ್ನೂ ಅವಳು ನನ್ನನ್ನು ಕರೆಯುವ ಹಾಗೆಯೇ ಕರೆಯತೊಡಗಿದಳು: "ಏನ್ರಿ, ಬರ್ರಿ, ರೊಟ್ಟಿ ಆರಾಕತ್ತಾವ." ನಾವಿಬ್ಬರೂ ಎದ್ದು ಹೋಗುತ್ತಿದ್ದೆವು. ಬಿಸಿ ರೊಟ್ಟಿ ಅದಕ್ಕೆ, ಆರಿದ್ದು ನನಗೆ. ಕಟುಕರ ನಾಯಿ ನಮ್ಮ ಲಿಂಗಾಯತರ ಮನೆಯಲ್ಲಿ ಜೋಳದ ರೊಟ್ಟಿ, ಗಟ್ಟಿ ಮೊಸರು ತಿಂದು ಕೊಬ್ಬಿತು. ಹೆಸರಾದರೂ ಬದಲಿಸೋಣವೆಂದು 'ರಾಜಾ, ರಾಜಾ' ಎಂದು ವಾರವಿಡೀ ಕೂಗಿದೆ. ಅದು ಆಕಳಿಸಿತು.

ಮೊನ್ನೆ ಮೊಸರು ಮಾರುವ ಮುದುಕಿ ಮಲ್ಲಮ್ಮ ಗೇಟು ತೆರೆದಳು. ಸರಪಳಿ ನನ್ನ ಕೈಯಲ್ಲಿತ್ತು. ಮೊಸರಿನ ಗಡಿಗೆ ಕಂಡದ್ದೇ ನಾಯಿ ನೆಗೆಯಿತು, ಅದರ ಬೆನ್ನಿಗೆ ನಾನೂ ಅಂಗಳದುದ್ದಕ್ಕೂ ಎಳೆಸಿಕೊಂಡು ಹೋದೆ. ರಾಟ್‌ವೈಲಿನ ಗಾಡಿಯ ಪಾಡು ಏನಿತ್ತೆಂದು ಆಗ ತಿಳಿಯಿತು. "ಸತ್ನೆವ್ವೋ, ಯಕ್ಕಾ!" ಎಂದು ಮಲ್ಲಮ್ಮ ಚೀರಿದಳು. ನಾನು "ರಾಜಾ! ರಾಜಾ!" ಎಂದು ಬಾಯಿ ಬಡಿದುಕೊಂಡೆ. ಮಹಾದೇವಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದು, ಇಡೀ ಓಣಿಗೆ ಕೇಳುವಂತೆ ಗದರಿದಳು: "ಏ ಭೀಮ್ಯಾ! ಸುಮ್ನ ಕುಂದ್ರಲೇ!"

ನಾಯಿ ಕೂತಿತು. ಗಡಿಗೆ ಉಳಿಯಿತು. ಹದಿನೆಂಟು ವರ್ಷ ಕಾದ ಹೆಸರು ಕೊನೆಗೂ ನನ್ನ ಕಿವಿಗೆ ಬಿತ್ತು. ಮಲ್ಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ, "ಯಪ್ಪಾ, ಅಕ್ಕಾರು ನಾಯಿಗಿ ಅಂದಾರ್ರಿ, ನೀವು ಏಳ್ರಿ" ಎಂದಾಗಲೇ, ನಾನೂ ಕೂತಿದ್ದೇನೆಂದು ನನಗೆ ಗೊತ್ತಾದದ್ದು.