ಹುಡುಗಿಯರ ಖಾಲಿ ಪುಸ್ತಕ

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಮಕ್ಕಳ ತಪ್ಪು ಕೇಳಿದರೇನೇ ಹೊಟ್ಟೆ ತುಂಬುವುದು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನು? ಚಿಂತಾಮಣಿಯಿಂದ ಶಾಲೆಯವರೆಗೆ ದಿನಾ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಬಗ್ಗಿ ಅವರು ಹೇಳುವುದನ್ನೆಲ್ಲ ಕೇಳಿ ಸುಸ್ತಾಗಿರುವವಳು ನಾನು.

ನಮ್ಮದು ಮುಸ್ಲಿಂ ಮಕ್ಕಳ ವಸತಿ ಶಾಲೆ. ಬೆಳಿಗ್ಗೆ ಕುರ್‌ಆನ್ ಪಾಠ, ಆಮೇಲೆ ನನ್ನ ಗಣಿತ, ಅವರ ಇಂಗ್ಲಿಷ್. ತರಗತಿಯ ನಡುವೆ ಪರದೆ. ಆ ಕಡೆ ಹುಡುಗರು, ಈ ಕಡೆ ಹುಡುಗಿಯರು. ಮೇಷ್ಟ್ರ ಜೇಬಿನಲ್ಲಿ ಎರಡು ಪುಟ್ಟ ಪುಸ್ತಕ. ಹುಡುಗರ ಮಾತಿನ ತಪ್ಪಿಗೊಂದು, ಹುಡುಗಿಯರದಕ್ಕೊಂದು. ಒಮ್ಮೆ ಹುಡುಗನೊಬ್ಬ ಊಟದ ಕೋಣೆಯಲ್ಲಿ ತಪ್ಪುತಪ್ಪು ಇಂಗ್ಲಿಷಿನಲ್ಲಿ ಸಾರು ಕೇಳಿದ. ಬಡಿಸುತ್ತಿದ್ದ ಇವರು ಸೌಟು ಕೆಳಗಿಟ್ಟು ಪೆನ್ನು ತೆಗೆದರು. ಬರೆದು ಮುಗಿಸುವಷ್ಟರಲ್ಲಿ ಅನ್ನ ತಣ್ಣಗಾಗಿತ್ತು. ಹುಡುಗರಿಗೇನು, ನಾಚಿಕೆಯೇ ಇಲ್ಲ. “ಸಾರ್, ನಿನ್ನೆ ನಂದೊಂದು ಬರ್ಕೊಳ್ಳೋದು ಬಿಟ್ಬಿಟ್ರಿ” ಎಂದು ಜ್ಞಾಪಿಸುತ್ತಾರೆ. ಗುರುವಾರ ಬಂತೆಂದರೆ ವಾರದ ತಪ್ಪುಗಳನ್ನೆಲ್ಲ ಅವರು ನಾಟಕದಂತೆ ಓದುತ್ತಾರೆ, ಪರದೆಯ ಎರಡೂ ಕಡೆ ನಗು.

“ಹುಡುಗೀರು ಚಿನ್ನ, ಮೇಡಂ. ಈ ವರ್ಷ ಅವರ ಪುಸ್ತಕ ಪೂರ್ತಿ ಖಾಲಿ ನೋಡಿ” ಎಂದರು ಒಂದು ದಿನ.

ಉತ್ತರಪತ್ರಿಕೆ ತಿದ್ದಿ ನನ್ನ ಕಣ್ಣು ಉರಿಯುತ್ತಿತ್ತು. “ಬಾಯಿ ಬಿಟ್ರಲ್ವಾ ಸಾರ್ ತಪ್ಪಾಗೋದು?” ಎಂದೆ.

ಮೇಷ್ಟ್ರು ಆವತ್ತು ಬಸ್ಸಿನಲ್ಲಿ ಮಾತೇ ಆಡಲಿಲ್ಲ. ನನಗೆ ಅಂಥ ಸುಖದ ಪ್ರಯಾಣ ಮತ್ತೆ ಸಿಕ್ಕಿಲ್ಲ. ಮರುದಿನದಿಂದ ಹುಡುಗಿಯರ ಮುಂದೆ ಗೋಗರೆಯುವುದು ಶುರು: “ಒಂದೇ ಒಂದು ತಪ್ಪು ಮಾಡಮ್ಮ, ಸಾಕು.” ಹೀಗೆ ಅಂಗಲಾಚುವ ಮೇಷ್ಟ್ರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅವರ ಚಿಂತೆಯೆಲ್ಲ ಒಬ್ಬಳದು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಮಗಳು, ಹತ್ತನೇ ಕ್ಲಾಸು. ಮುಂದಿನ ವಾರ ಒಂದು ಕಾಲೇಜಿನವರ ಮುಂದೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರೆ ಉಚಿತ ಸೀಟು. ಇಲ್ಲದಿದ್ದರೆ ಓದು ಅಲ್ಲಿಗೇ ಮುಗಿಯಿತು, ಮನೆಗೆ ವಾಪಸ್ಸು. ಅವಳೋ ತುಟಿಯನ್ನೇ ಬಿಚ್ಚಳು.

ಕೊನೆಗೆ ನನ್ನ ಹತ್ತಿರ ಹೇಳಿದಳು. “ಹೋದ ವರ್ಷ ಒಂದ್ಸಲ ಮಾತಾಡಿದ್ದೆ ಮೇಡಂ. ಸಾರ್ ಬರ್ಕೊಂಡು ಗುರುವಾರ ಓದಿದ್ರು. ಪರದೆ ಆ ಕಡೆ ಎಲ್ಲಾ ನಕ್ರು.”

ಹೇಳಲೋ ಬೇಡವೋ ಎಂದು ಒದ್ದಾಡಿ ಮೇಷ್ಟ್ರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. “ನಾನು ತಮಾಷೆ ಅನ್ಕೊಂಡಿದ್ದೆ, ಮೇಡಂ” ಎಂದರು.

ಮರುದಿನ ಪೆನ್ನಿಲ್ಲದೆ ಬಂದು, ನನ್ನನ್ನೂ ಜೊತೆಗೆ ಕೂರಿಸಿಕೊಂಡು, ಅವಳನ್ನು ಕರೆದರು. “ನಿಮ್ಮನೆ ಕೆಲಸ ಹೇಳಮ್ಮ. ನಂಗೆ ಗೊತ್ತಿಲ್ಲ.”

ಅವಳು ಬಹಳ ಹೊತ್ತು ಅವರ ಖಾಲಿ ಕೈ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲೇ ಶುರುಮಾಡಿದಳು. ಬಿಸಿನೀರಲ್ಲಿ ಗೂಡು ಬೇಯುವುದು, ಅಮ್ಮಿ ಅದೇ ನೀರಿಗೆ ಕೈ ಹಾಕಿ ಎಳೆ ಹುಡುಕುವುದು, ಬೆರಳ ಚರ್ಮ ಸುಲಿಯುವುದು. ಒಂದು ವಾಕ್ಯವೂ ನೆಟ್ಟಗಿರಲಿಲ್ಲ. ಮೇಷ್ಟ್ರು “ಆಮೇಲೆ?” ಎನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ.

ಕೊನೆಗೆ ಕನ್ನಡದಲ್ಲಿ ಕೇಳಿದರು: “ಅಮ್ಮಿ ಕೈಗೆ ಏನು ಹಚ್ತೀರಮ್ಮ?”

ಅವಳು ಅದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಕೊಬ್ಬರಿ ಎಣ್ಣೆ. ರಜೆಗೆ ಹೋದಾಗ ತಾನೇ ಹಚ್ಚುತ್ತಾಳಂತೆ. ತಾನು ಇಲ್ಲಿರುವಾಗ ಅಮ್ಮಿ ಹಚ್ಚಿಕೊಳ್ಳುವುದೇ ಇಲ್ಲವಂತೆ.

ಮೇಷ್ಟ್ರು ತಿದ್ದಲಿಲ್ಲ. ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.